ಸಂಗಾತಿ ಪಕ್ಕದಲ್ಲೇ ಇದ್ದಾರೆ, ಥೆರಪಿಸ್ಟ್ ಎಲ್ಲಿರಬೇಕು?

ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಬೀದಿಯಲ್ಲೆಲ್ಲ ಪಟಾಕಿ. ಯುದ್ಧದಿಂದ ಮರಳಿ ವರ್ಷಗಳಾದರೂ ಆತ ಒಂದೊಂದು ಸದ್ದಿಗೂ ಬೆಚ್ಚಿಬೀಳುತ್ತಾನೆ. ಹೆಂಡತಿ ಕಿಟಕಿ ಮುಚ್ಚುತ್ತಾಳೆ, ಮಕ್ಕಳಿಗೆ ‘ಗಲಾಟೆ ಮಾಡಬೇಡಿ’ ಅಂತಾಳೆ. ಅಂಗಡಿ, ಸ್ಕೂಲ್ ಮೀಟಿಂಗ್, ನೆಂಟರ ಮನೆ ಎಲ್ಲದಕ್ಕೂ ಅವಳೊಬ್ಬಳೇ. ಎಲ್ಲ ಪ್ರೀತಿಯಿಂದಲೇ. ಆದರೆ ಹೀಗೇ ನಡೆದರೆ ಅವನ ಪ್ರಪಂಚ ಮನೆಯ ನಾಲ್ಕು ಗೋಡೆಗೆ ಇಳಿಯುತ್ತದೆ, ಅವಳದ್ದೂ.

ಇರಾಕ್, ಅಫ್ಗಾನಿಸ್ತಾನದಿಂದ ಮರಳಿದ ಎಷ್ಟೋ ಯೋಧರ ಮನೆಗಳ ಚಿತ್ರ ಇದು. ಯೋಧೆ ಹೆಂಡತಿಯಾಗಿದ್ದರೂ ಕತೆ ಬೇರೆಯಲ್ಲ. ಕಾಯಿಲೆಯ ಹೆಸರು ಪಿಟಿಎಸ್‌ಡಿ. ಆಘಾತ ಒಬ್ಬರದ್ದು, ಸಂಕಟ ಇಬ್ಬರದ್ದು.

ಇಬ್ಬರಿಗೂ ಸೇರಿ ಚಿಕಿತ್ಸೆ

ಮನಶ್ಶಾಸ್ತ್ರಜ್ಞೆಯರಾದ ಕ್ಯಾಂಡಿಸ್ ಮಾನ್ಸನ್ ಮತ್ತು ಸ್ಟೆಫನಿ ಫ್ರೆಡ್‌ಮನ್ ಇದಕ್ಕೆಂದೇ 15 ಭೇಟಿಗಳ ದಂಪತಿ ಥೆರಪಿ ರೂಪಿಸಿದರು. ಮೊದಲು ಕಾಯಿಲೆಯನ್ನು ಅರ್ಥಮಾಡಿಕೊಳ್ಳುವುದು, ಸಿಟ್ಟನ್ನು ಹತೋಟಿಗೆ ತರುವುದು. ಆಮೇಲೆ ಮನಬಿಚ್ಚಿ ಮಾತಾಡುವುದು, ದೂರವಿಟ್ಟ ಜಾಗಗಳಿಗೆ ಜೊತೆಯಾಗಿ ಹೋಗುವುದು. ಕೊನೆಗೆ, ‘ಅವತ್ತು ತಪ್ಪೆಲ್ಲ ನನ್ನದೇ’ ಎಂಬಂಥ ಯೋಚನೆಗಳನ್ನು ಇಬ್ಬರೂ ಕೂತು ಪರೀಕ್ಷಿಸುವುದು.

ಇದರದ್ದೇ 8 ಭೇಟಿಗಳ ಚಿಕ್ಕ ರೂಪವನ್ನು ಸ್ಯಾನ್ ಡಿಯಾಗೊದಲ್ಲಿ 137 ಜೋಡಿಗಳೊಂದಿಗೆ ಪರೀಕ್ಷಿಸಲಾಯಿತು. ಕೆಲವರಿಗೆ ಕ್ಲಿನಿಕ್‌ನಲ್ಲಿ, ಕೆಲವರಿಗೆ ಮನೆಯಲ್ಲೇ ವಿಡಿಯೊದಲ್ಲಿ, ಇನ್ನುಳಿದವರಿಗೆ ಕ್ಲಿನಿಕ್‌ನಲ್ಲಿ ಬರೀ ತಿಳಿವಳಿಕೆ ಪಾಠ. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಪಿಟಿಎಸ್‌ಡಿ ಲಕ್ಷಣಗಳನ್ನು ತಗ್ಗಿಸುವುದರಲ್ಲಿ ವಿಡಿಯೊ ಥೆರಪಿ ಕ್ಲಿನಿಕ್ ಥೆರಪಿಗಿಂತ ಹಿಂದೆ ಬೀಳಲಿಲ್ಲ.

ಹಾಗಾದರೆ ಯಾವುದು ಒಳ್ಳೆಯದು?

ಉತ್ತರ ಮನೆಯಿಂದ ಮನೆಗೆ ಬೇರೆ. ಆಸ್ಪತ್ರೆ ದೂರ, ಇಬ್ಬರಿಗೂ ಒಟ್ಟಿಗೆ ರಜೆ ಸಿಗಲ್ಲ, ಮಗುವನ್ನು ನೋಡಿಕೊಳ್ಳುವವರಿಲ್ಲ ಅನ್ನುವವರಿಗೆ ವಿಡಿಯೊ ವರ. ಜನಸಂದಣಿಯ ವೇಟಿಂಗ್ ಹಾಲ್‌ನಲ್ಲಿ ಕೂರುವುದೇ ಹಿಂಸೆ ಅನ್ನುವವರಿಗೂ ಅಷ್ಟೇ. ಆದರೆ ಮನೆ ಚಿಕ್ಕದಿದ್ದು, ಪಕ್ಕದ ಕೋಣೆಯಲ್ಲಿ ಮಕ್ಕಳು ಕಿವಿಗೊಟ್ಟಿದ್ದರೆ? ಕಾಲ್ ಮುಗಿದ ಮರುಕ್ಷಣ ಕುಕ್ಕರ್ ಇಡಬೇಕಿದ್ದರೆ? ಅಂಥವರಿಗೆ ಮನೆಯಾಚೆಗಿನ ಒಂದು ಕೋಣೆ, ವಾಪಸ್ ಬರುವ ದಾರಿಯ ಮೌನ, ಎರಡೂ ಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಜನರಿಂದ, ಜಾಗಗಳಿಂದ ತಪ್ಪಿಸಿಕೊಳ್ಳುವುದು ಪಿಟಿಎಸ್‌ಡಿಯ ಲಕ್ಷಣವೇ. ‘ಮನೆಯಲ್ಲೇ ಆಗಲಿ’ ಅನ್ನುವುದು ಅನುಕೂಲದ ಮಾತೋ, ಭಯದ ಮಾತೋ? ಭಯದ್ದೇ ಆದರೂ ವಿಡಿಯೊ ಬೇಡ ಎಂದಲ್ಲ. ಬರದೇ ಇರುವುದಕ್ಕಿಂತ ಸ್ಕ್ರೀನ್ ಮುಂದೆ ಕೂರುವುದು ಎಷ್ಟೋ ಮೇಲು. ವಾರದ ‘ಹೋಂವರ್ಕ್’ ಮಾತ್ರ ಇಬ್ಬರನ್ನೂ ಹೊಸ್ತಿಲು ದಾಟಿಸಬೇಕು.

ಆಯ್ಕೆಯಲ್ಲಿ ಯೋಧನದ್ದಷ್ಟೇ ಅಲ್ಲ, ಸಂಗಾತಿಯ ಮಾತಿಗೂ ತೂಕವಿರಬೇಕು. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳುವುದು ಒಳ್ಳೆಯದು. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಅವಳು ಅವನ ಪಕ್ಕದಲ್ಲಿ ಕೂತು ನಿಜ ಹೇಳುವುದು ಹೇಗೆ? ಅಲ್ಲಿ ಮೊದಲು ಸುರಕ್ಷತೆ, ಆಮೇಲೆ ದಂಪತಿ ಥೆರಪಿ.

ನಮ್ಮಲ್ಲಿ?

ಕೊಡಗಿನಂಥ ಸೈನಿಕರ ನಾಡಿಗೆ ಈ ಪ್ರಶ್ನೆ ದೂರದ್ದಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಲಭ್ಯ. ಸೇನಾ ಸಿಬ್ಬಂದಿ ಮತ್ತು ಕುಟುಂಬದವರಿಗಾಗಿ 2023ರಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರದ್ದೇ ವಿಶೇಷ ಘಟಕ ತೆರೆಯಿತು. ಇದು ದಂಪತಿ ಥೆರಪಿಯಲ್ಲ, ಆದರೆ ಮೊದಲ ಮಾತಿಗೊಂದು ಕಿವಿ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ‘ನೀನು ಹೋಗಿ ತೋರಿಸ್ಕೋ’ ಅನ್ನಬೇಡಿ. ‘ನಾವಿಬ್ಬರೂ ಮಾತಾಡೋಣ, ಎಲ್ಲಿ ಅಂತ ನೀನೇ ಹೇಳು’ ಅಂದು ನೋಡಿ.