ದೂರದ ಗುರಿಗೆ ಎಂಥ ದುರ್ಬೀನು?

1000 ಗಜ ಎಂದರೆ 914 ಮೀಟರ್. ಅಷ್ಟು ದೂರದಲ್ಲಿ ನಿಲ್ಲಿಸಿದ ಊಟದ ತಟ್ಟೆ ಬರಿಗಣ್ಣಿಗೆ ಕಂಡರೆ ಅದೇ ಹೆಚ್ಚು. ಆದರೆ ‘ಎಫ್-ಕ್ಲಾಸ್’ ಎಂಬ ದೂರಗುರಿ ಸ್ಪರ್ಧೆಯಲ್ಲಿ ಗುಂಡು ಹೊಡೆಯಬೇಕಾದದ್ದು ಸರಿಸುಮಾರು ಅಷ್ಟೇ ಜಾಗಕ್ಕೆ. ಅಮೆರಿಕದ ನಿಯಮದಂತೆ ಅಲ್ಲಿ 10 ಅಂಕದ ವೃತ್ತದ ಅಡ್ಡಳತೆ 10 ಅಂಗುಲ. ಅದರ ನಡುವಿನ ‘ಎಕ್ಸ್’ ವೃತ್ತ ಕೇವಲ 5 ಅಂಗುಲ!

ಈ ಸ್ಪರ್ಧೆಯ ಹೆಸರಿನಲ್ಲಿರುವ ‘ಎಫ್’, ಕೆನಡಾದ ಜಾರ್ಜ್ ಫಾರ್ಕ್ವಾರ್ಸನ್ ಅವರ ಹೆಸರಿನ ಮೊದಲಕ್ಷರ. ವಯಸ್ಸಾಗಿ ಕಣ್ಣು ಮಂದವಾದರೂ ಗುರಿಯ ಹುಚ್ಚು ಬಿಡದವರಿಗೆ, ರೈಫಲ್ಲಿಗೊಂದು ಆಸರೆ, ಅದರ ಮೇಲೊಂದು ದುರ್ಬೀನು ಎಂಬ ಅನುಕೂಲ ದೊರೆತದ್ದು ಹೀಗೆ.

ಮೊದಲು ಕೇಳಬೇಕಾದ ಪ್ರಶ್ನೆ

ಮಗ ಅಥವಾ ಮಗಳು ರೈಫಲ್ ತರಬೇತಿಗೆ ಸೇರಿದೊಡನೆ ದುಬಾರಿ ದುರ್ಬೀನಿನ ಬೆಲೆ ವಿಚಾರಿಸುವ ತಂದೆತಾಯಿ ಮೊದಲು ಒಂದು ಮಾತು ತಿಳಿಯಬೇಕು. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲ. ಹಿಂದೊಂದು ಸಣ್ಣ ರಂಧ್ರ, ಮುಂದೊಂದು ಉಂಗುರ. ಇವೆರಡರ ನಡುವೆ ಗುರಿಯನ್ನು ಕೂರಿಸಬೇಕು. 10 ಮೀಟರ್ ಗುರಿಹಲಗೆಯ ನಡುಚುಕ್ಕಿ ಬರೇ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ, 2012ರಲ್ಲಿ ಲಂಡನ್ನಿನಲ್ಲಿ ಕಂಚು ಗೆದ್ದ ಗಗನ್ ನಾರಂಗ್, 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ – ಮೂವರೂ ಗುರಿ ಹಿಡಿದದ್ದು ಹೀಗೆಯೇ. ಆದ್ದರಿಂದ ‘ಯಾವ ದುರ್ಬೀನು?’ ಎನ್ನುವ ಮೊದಲು ‘ಯಾವ ಸ್ಪರ್ಧೆ?’ ಎಂದು ತರಬೇತುದಾರರನ್ನು ಕೇಳುವುದು ಲೇಸು. ಗುರಿ ಮಸುಕಾಗಿ ಕಾಣುತ್ತಿದ್ದರೆ ಹೋಗಬೇಕಾದದ್ದು ಅಂಗಡಿಗಲ್ಲ, ಕಣ್ಣಿನ ವೈದ್ಯರ ಬಳಿಗೆ.

ದೊಡ್ಡದಾಗಿ ಕಂಡರೆ ಸಾಲದು

ದೂರಗುರಿಯೇ ಆಯ್ಕೆಯಾದರೆ, ಹೆಚ್ಚು ವರ್ಧನೆಯೇ ಹೆಚ್ಚು ಒಳ್ಳೆಯದೆಂಬ ನಂಬಿಕೆಯನ್ನು ಮೊದಲು ಬಿಡಬೇಕು. ಮುಂದಿನ ಮಸೂರದ ಅಡ್ಡಳತೆಯನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 50 ಮಿಲಿಮೀಟರ್ ಮಸೂರ, 25 ಪಟ್ಟು ವರ್ಧನೆ ಎಂದರೆ 2 ಮಿಲಿಮೀಟರ್. ವರ್ಧನೆಯನ್ನು 50 ಪಟ್ಟಿಗೆ ಏರಿಸಿದರೆ ಅದು 1 ಮಿಲಿಮೀಟರಿಗೆ ಇಳಿದು ನೋಟ ಮಂಕಾಗುತ್ತದೆ. ಬಿಸಿಲಿನಲ್ಲಿ ನೆಲದಿಂದೇಳುವ ಝಳವೂ ಹಿಗ್ಗಿ ಕಂಡು, ಗುರಿ ನೀರಿನೊಳಗಿನ ಬಿಂಬದಂತೆ ತೇಲಾಡುತ್ತದೆ. ಅದಕ್ಕೇ ವರ್ಧನೆಯನ್ನು ಇಳಿಸಲು ಬರುವ ದುರ್ಬೀನು ಅನುಕೂಲ. ಅನುಭವಿಗಳು ಇದೇ ಝಳದ ಓಟ ನೋಡಿ ಗಾಳಿಯ ದಿಕ್ಕು ಅಳೆಯುವುದೂ ಉಂಟು.

ತಿರುಪಿನ ಲೆಕ್ಕ

ಗುಂಡು ನೇರವಾಗಿ ಹೋಗುವುದಿಲ್ಲ, ಬೀಳುತ್ತಾ ಹೋಗುತ್ತದೆ. 100 ಗಜಕ್ಕೆ ಹೊಂದಿಸಿದ .308 ರೈಫಲ್ಲಿನ ಗುಂಡು 1000 ಗಜ ತಲುಪುವಷ್ಟರಲ್ಲಿ ಸುಮಾರು 30 ಅಡಿ ಕೆಳಗಿರುತ್ತದೆ. ಅಷ್ಟನ್ನೂ ದುರ್ಬೀನಿನ ತಿರುಪಿನಿಂದ ಸರಿಪಡಿಸಬೇಕು. ಆದ್ದರಿಂದ ತಿರುಪು ಒಟ್ಟು ಎಷ್ಟು ಏರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು.

ಒಂದು ಡಿಗ್ರಿಯ 60ನೆಯ ಒಂದು ಭಾಗಕ್ಕೆ ‘ಮಿನಿಟ್’ ಎಂದು ಹೆಸರು. 1000 ಗಜದಲ್ಲಿ ಅದು ಸುಮಾರು 10.5 ಅಂಗುಲ. ತಿರುಪಿನ ಒಂದು ‘ಕ್ಲಿಕ್’ ಕಾಲು ಮಿನಿಟ್ ಆದರೆ ಗುರಿಬಿಂದು ಸುಮಾರು 2.6 ಅಂಗುಲ ಸರಿಯುತ್ತದೆ. 5 ಅಂಗುಲದ ವೃತ್ತಕ್ಕೆ ಇದು ಒರಟು ಅಳತೆ. ಎಫ್-ಕ್ಲಾಸ್‌ನವರು ಎಂಟನೆಯ ಒಂದು ಮಿನಿಟ್ ಕ್ಲಿಕ್ಕನ್ನು ಮೆಚ್ಚುವುದು ಇದಕ್ಕಾಗಿಯೇ.

ದುರ್ಬೀನನ್ನು ಕೂರಿಸುವುದರಲ್ಲೂ ಎಚ್ಚರ ಬೇಕು. ಹೊಡೆಯುವಾಗ ಅದು 1 ಡಿಗ್ರಿ ವಾಲಿದರೂ ಆ 30 ಅಡಿಯ ಲೆಕ್ಕದಲ್ಲಿ ಗುಂಡು ಸುಮಾರು ಅರ್ಧ ಅಡಿ ಪಕ್ಕಕ್ಕೆ ಹೋಗುತ್ತದೆ. ಸಾವಿರಾರು ರೂಪಾಯಿಯ ಮಸೂರವಿದ್ದೂ 10 ಅಂಕದ ವೃತ್ತ ತಪ್ಪಿಹೋಗಲು ಇಷ್ಟು ಸಾಕು.

ಎರಡು ಸುಲಭ ಪರೀಕ್ಷೆಗಳು

ಮೊದಲನೆಯದಕ್ಕೆ ಗುಂಡೇ ಬೇಡ. ಖಾಲಿ ರೈಫಲ್ಲನ್ನು ಅಲುಗದಂತೆ ಗುರಿಯತ್ತ ಇರಿಸಿ, ತಲೆಯನ್ನು ಮಾತ್ರ ತುಸು ಅತ್ತಿತ್ತ ಆಡಿಸಿ ನೋಡಬೇಕು. ಅಡ್ಡಗೆರೆಗಳು ಗುರಿಯ ಮೇಲೆ ಜಾರಿದರೆ ಅದು ಪ್ಯಾರಲಾಕ್ಸ್ ದೋಷ. ಅದನ್ನು ದೂರಕ್ಕೆ ತಕ್ಕಂತೆ ಸರಿಪಡಿಸುವ ತಿರುಪು ಇರಲೇಬೇಕು.

ಎರಡನೆಯದು ಶೂಟಿಂಗ್ ರೇಂಜಿನಲ್ಲಿ. ಒಂದೇ ಬಿಂದುವಿಗೆ ಗುರಿಯಿಟ್ಟು ಹೊಡೆದು, ತಿರುಪನ್ನು 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ ತಿರುಗಿಸುತ್ತಾ ಪ್ರತಿ ಸಲವೂ ಹೊಡೆಯಬೇಕು. ತೂತುಗಳು ಚೌಕವಾಗಿ ಮೂಡಿ, ಕೊನೆಯದು ಮೊದಲಿನ ಜಾಗಕ್ಕೇ ಮರಳಿದರೆ ದುರ್ಬೀನು ನಂಬಿಕಸ್ಥ. ಮರಳದಿದ್ದರೆ, ನೋಟ ಎಷ್ಟೇ ಸ್ವಚ್ಛವಾಗಿದ್ದರೂ ಅದನ್ನು ಬಿಡುವುದೇ ವಾಸಿ.

ರೈಫಲ್ಲಿಗೆ ಹಾಕಿದ ದುರ್ಬೀನಿನಲ್ಲಿ ಹಕ್ಕಿ, ಮನುಷ್ಯ, ಮನೆ ಎಂದು ನೋಡುತ್ತಾ ಹೋಗುವುದು ಮಾತ್ರ ಎಂದಿಗೂ ಕೂಡದು. ಕಣ್ಣು ನೋಡುವ ಕಡೆಗೇ ನಳಿಗೆಯೂ ತಿರುಗಿರುತ್ತದೆ ಎಂಬುದನ್ನು ಮಕ್ಕಳು ಮೊದಲ ಪಾಠವಾಗಿಯೇ ಕಲಿಯಬೇಕು.