ಬ್ಯಾಟರಿ ಸತ್ತಿತೆಂದು ಹೊಸದು ತರುವ ಮೊದಲು

ಮಿರ್ಗದ ಮಳೆ ಬಿದ್ದು ಎರಿ ಹೊಲ ಹದಕ್ಕೆ ಬಂದ ದಿನವೇ ಟ್ರ್ಯಾಕ್ಟರ್ ಕೈ ಕೊಡುತ್ತದೆ. ಹೋದ ವರ್ಷ ಚಂದಾಪುರದಲ್ಲಿ ನನಗೂ ಹಾಗೇ ಆಯಿತು. ಚಾವಿ ತಿರುವಿದರೆ ಸೆಲ್ಫ್ ಟಕ್ ಟಕ್ ಅಂತದ, ಎಂಜಿನ್ ತಿರುಗವಲ್ಲದು. "ಬ್ಯಾಟರಿ ಹೋಗ್ಯದ, ಹೊಸದು ತರ್ರಿ" ಅಂದರು ನೋಡಿದವರು. ರೊಕ್ಕ ಹೊಂದಿಸುವುದರೊಳಗೆ ಹೆಸರು ಬಿತ್ತುವ ಹದ ಆರಿಹೋಗುತ್ತಿತ್ತು. ಬಿಚ್ಚಿ ನೋಡಿದರೆ ಅರ್ಥಿಂಗ್ ತಂತಿ ಸಡಿಲಾಗಿ, ಬಿಳಿ ಪುಡಿ ಕೂತಿತ್ತು. ತೊಳೆದು ಬಿಗಿ ಮಾಡಿದೆ, ಗಾಡಿ ಸುರುವಾಯಿತು. ಅದಕ್ಕೇ ಈ ನಾಲ್ಕು ಮಾತು.

ಮೊದಲು ತಂತಿ ನೋಡಿರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕಡೆಗೆ. ಮುಚ್ಚಳ ಬಿಗಿ ಮಾಡಿ, ನೀರಿನಲ್ಲಿ ತಿನ್ನುವ ಸೋಡಾ ಕಲಸಿ ತಿಕ್ಕಿ ತೊಳೆಯಿರಿ. ಒಣಗಿಸಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿರಿ.

ಎರಡನೆಯದು ನೀರು. 12 ವೋಲ್ಟಿನ ಬ್ಯಾಟರಿಯಲ್ಲಿ 6 ಮನೆ ಇರುತ್ತವೆ. ಪ್ರತಿ ಮನೆಯಲ್ಲೂ ಸೀಸದ ತಗಡಿನ ಮೇಲೆ ಸುಮಾರು 10 ಮಿಲಿಮೀಟರ್ ನೀರು ನಿಂತಿರಬೇಕು. ನಮ್ಮ ಬೇಸಿಗೆಗೆ ಅದು ಬೇಗ ಇಂಗುತ್ತದೆ. ಇಂಗುವುದು ನೀರು, ಆಸಿಡ್ ಅಲ್ಲ. ಆದ್ದರಿಂದ ಆಸಿಡ್ ಹಾಕಬೇಡಿರಿ, ಡಿಸ್ಟಿಲ್ ವಾಟರ್ ಮಾತ್ರ ಹಾಕಿರಿ. ಬೋರಿನ ನೀರಿನ ಉಪ್ಪು, ಸುಣ್ಣ ತಗಡನ್ನು ಕೆಡಿಸುತ್ತವೆ.

ಮೂರನೆಯದು ಸುಮ್ಮನೆ ನಿಲ್ಲಿಸುವುದು. ತೊಗರಿ ರಾಶಿ ಮುಗಿದ ಮೇಲೆ ಗಾಡಿ ನಿಂತರೂ ಬ್ಯಾಟರಿ ತಾನೇ ಇಳಿಯುತ್ತಿರುತ್ತದೆ, ಬಿಸಿಲಿಗೆ ಇನ್ನೂ ಜಲ್ದಿ. ಇಳಿದು ಬಹಳ ದಿನ ನಿಂತರೆ ತಗಡಿನ ಮೇಲೆ ಗಟ್ಟಿ ಪದರ ಕೂತು ಮುಂದೆ ಚಾರ್ಜ್ ಹಿಡಿಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಧ ತಾಸಾದರೂ ಎಂಜಿನ್ ಓಡಿಸಿರಿ. ಆಗದಿದ್ದರೆ ಮೈನಸ್ ತಂತಿ ಬಿಚ್ಚಿಡಿರಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿರಿ.

ಇಷ್ಟಾದರೂ ಸರಿ ಹೋಗದಿದ್ದರೆ ಮೀಟರ್ ಹಚ್ಚಿಸಿರಿ. ರಾತ್ರಿಯೆಲ್ಲ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬ್ಯದ, 12ಕ್ಕೆ ಬಂದಿದ್ದರೆ ಖಾಲಿ. ಎಂಜಿನ್ ಓಡುವಾಗ ಸುಮಾರು 14 ಇರಬೇಕು. ಆಗಲೂ 12ರ ಹತ್ತಿರವೇ ನಿಂತರೆ ತಪ್ಪು ಡೈನಮೋ, ಬೆಲ್ಟ್ ಇಲ್ಲವೇ ಅದರ ತಂತಿಯದು. ಹೊಸ ಬ್ಯಾಟರಿ ಹಾಕಿದರೂ ಅದೂ ಇಳಿಯುತ್ತದೆ. ಚಾರ್ಜ್ ಮಾಡಿದ ಮೇಲೂ ಹೈಡ್ರೋಮೀಟರಿನಲ್ಲಿ ಐದು ಮನೆ 1.260ರ ಮೇಲಿದ್ದು ಒಂದೇ ಮನೆ 1.200ಕ್ಕಿಂತ ಕೆಳಗಿದ್ದರೆ ಆ ಮನೆ ಸತ್ತಂತೆ. ಆಗ ಹೊಸದು ತರುವುದೇ ದಾರಿ.

ಚಾರ್ಜ್ ಆಗುವಾಗ ಹೊರಡುವ ಗಾಳಿ ಕಿಡಿ ತಾಕಿದರೆ ಸಿಡಿಯುತ್ತದೆ, ಹತ್ತಿರ ಬೀಡಿ ಹಚ್ಚಬೇಡಿರಿ. ಕಣ್ಣಿಗೆ ಆಸಿಡ್ ಸಿಡಿದರೆ ಕಾಲು ತಾಸು ನೀರು ಸುರಿಯುತ್ತ ತೊಳೆದು ದವಾಖಾನೆಗೆ ಹೋಗಿರಿ. ಹಳೇದನ್ನು ಮನೆಯಲ್ಲಿ ಒಡೆಯಬೇಡಿರಿ, ಸೀಸ ಮಕ್ಕಳಿಗೆ ವಿಷ. 2022ರ ನಿಯಮದಂತೆ ಅದನ್ನು ವಾಪಸು ಪಡೆಯುವ ಹೊಣೆ ತಯಾರಿಸಿದವರದು. ಅಂಗಡಿಗೇ ಕೊಟ್ಟು ಹೊಸದರ ದರದಲ್ಲಿ ಮುರಿಸಿಕೊಳ್ಳಿರಿ.

ಈ ಕೆಲಸವೆಲ್ಲ ಬೇಸಿಗೆಯಲ್ಲೇ ಮುಗಿಸಿರಿ. ಹದ ಯಾರಿಗೂ ಕಾಯುವುದಿಲ್ಲ.