ಕಲ್ಲಿಗೆ ಊರಿನ ಹೆಸರು, ಊರಿಗೆ ಯಾವ ಹಕ್ಕು?

ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದ ಸುತ್ತ ಎರೆಮಣ್ಣಿನ ಕೆಳಗೆ ಸಿಗೋದು ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಗಟ್ಟಿಯಾದದ್ದು. ಅಲ್ಲಿಂದ ಪೂರ್ವಕ್ಕೆ ತಾಳಿಕೋಟೆ ಕಡೆ ಹೋದರೆ ಲಾವಾದ ಹೊದಿಕೆ ಮುಗಿದು ಸುಣ್ಣದಕಲ್ಲು ಕಾಣಿಸಿಕೊಳ್ಳುತ್ತದೆ. ಮನೆ ನೆಲಕ್ಕೆ ಹಾಸುವ ಫರಸಿ ಇದೇ ಜಾತಿಯದು. ಇದರ ಮುಂದೆ ಕರಿಕಲ್ಲು ಮೊನ್ನೆ ಹುಟ್ಟಿದ ಕೂಸು! ಇದು ಸುಮಾರು 54 ಕೋಟಿ ವರ್ಷಗಳಿಗೂ ಹಿಂದಿನ, ಅಂದರೆ ಪ್ರೀಕೇಂಬ್ರಿಯನ್ ಕಾಲದ ಕಲ್ಲು.

ಇಷ್ಟು ಹಳೆಯ ಪದರಗಳಲ್ಲಿ ಚಿಪ್ಪು, ಎಲುಬುಗಳ ಪಳೆಯುಳಿಕೆ ಸಿಗುವುದಿಲ್ಲ. ಹಾಗಾಗಿ ಯಾವುದರ ಮೇಲೆ ಯಾವುದು ಕೂತಿದೆ ಅನ್ನೋದೇ ವರ್ಗೀಕರಣದ ಮೊದಲ ಆಧಾರ. ಹೆಸರಿಡುವ ಪದ್ಧತಿಯೂ ಸರಳ: ಪದರ ಎಲ್ಲಿ ಚೆನ್ನಾಗಿ ಕಾಣುತ್ತದೋ ಆ ಜಾಗದ ಹೆಸರು. ಈ ಸೀಮೆಯ ಕಲ್ಲುಗಳನ್ನು ರಾಬರ್ಟ್ ಬ್ರೂಸ್ ಫೂಟ್ 1876ರ ವರದಿಯಲ್ಲಿ ವಿವರಿಸಿದ್ದು ಕಲಾದಗಿ, ಭೀಮಾ ಎಂಬ ಹೆಸರುಗಳಲ್ಲೇ.

ಓಣಿ, ಊರು, ತಾಲ್ಲೂಕು ಇದ್ದಂತೆ ಕಲ್ಲಿಗೂ ಫಾರ್ಮೇಶನ್, ಗ್ರೂಪ್, ಸೂಪರ್‌ಗ್ರೂಪ್ ಎಂಬ ಹಂತಗಳಿವೆ. ತಾಳಿಕೋಟೆಯ ಸುಣ್ಣದಕಲ್ಲು ಭೀಮಾ ಗ್ರೂಪ್‌ಗೆ ಸೇರುತ್ತದೆ. ಅದೇ ಗ್ರೂಪ್‌ನಲ್ಲಿ ಶಹಾಬಾದ್ ಹೆಸರಿನ ಫಾರ್ಮೇಶನ್ ಕೂಡ ಇದೆ.

ಈ ವರ್ಗೀಕರಣ ಕಲ್ಲಿನ ಮೇಲೆ ಕೊರೆದ ಶಾಸನವಲ್ಲ. ಕಲಾದಗಿಯ ಕೆಳ ಪದರಗಳು ಮಡಚಿ, ವಾಲಿ ನಿಂತಿವೆ. ಅವುಗಳ ಮೇಲೆ ಬಾದಾಮಿಯ ಮರಳುಗಲ್ಲು ಹೆಚ್ಚುಕಡಿಮೆ ಅಡ್ಡಡ್ಡವಾಗಿ ಮಲಗಿದೆ. ಅಂದರೆ ಕೆಳಗಿನದು ಮಡಚಿ, ಸವೆದು, ಬಹುಕಾಲ ಕಳೆದ ಮೇಲೆಯೇ ಮೇಲಿನದು ಬಂದು ಕೂತಿದೆ. ಆದ್ದರಿಂದಲೇ ಕಲಾದಗಿ ಸೂಪರ್‌ಗ್ರೂಪನ್ನು ಬಾಗಲಕೋಟೆ ಗ್ರೂಪ್, ಬಾದಾಮಿ ಗ್ರೂಪ್ ಎಂದು ಬೇರೆ ಮಾಡಿದರು. ಸಾಕ್ಷ್ಯ ಇದ್ದರೆ ವಿಜ್ಞಾನ ತನ್ನ ಪಟ್ಟಿ ತಿದ್ದುತ್ತದೆ.

ಆದರೆ ಇದೇ ಕಲ್ಲಿಗೆ ಸರ್ಕಾರದ್ದು ಇನ್ನೊಂದು ಪಟ್ಟಿ ಇದೆ. 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಕಟ್ಟಡದ ಕಲ್ಲು ಉಪಖನಿಜ, ಅದರ ನಿಯಮ ಮಾಡೋದು ರಾಜ್ಯ. ಸುಣ್ಣದಕಲ್ಲು ಸಿಮೆಂಟ್ ಕಾರ್ಖಾನೆಗೆ ಹೋದರೆ ಪ್ರಧಾನ ಖನಿಜ. ಆಗ ರಾಯಲ್ಟಿ ದರ ನಿಗದಿ ಮಾಡೋದು ಕೇಂದ್ರ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಇದೇ ಭೀಮಾ ಸುಣ್ಣದಕಲ್ಲಿನ ಒಡೆದ ಪದರಗಳಲ್ಲಿ, ಅದರಡಿಯ ಗ್ರಾನೈಟ್‌ನಲ್ಲಿ ಯುರೇನಿಯಂ ಪತ್ತೆಯಾಗಿದೆ. ಅದು ಪರಮಾಣು ಖನಿಜ, ಲಗಾಮು ಪೂರ್ತಿ ಕೇಂದ್ರದ ಕೈಯಲ್ಲಿ. ಕುಡಿಯುವ ನೀರಿನ ಆತಂಕ ಮಾತ್ರ ಗೋಗಿಯ ಜನರದ್ದು.

ಕಲ್ಲಿಗೆ ನಮ್ಮೂರಿನ ಹೆಸರಿಟ್ಟರು ಅಂತ ಹೆಮ್ಮೆಪಟ್ಟರೆ ಸಾಲದು. ಆ ಕಲ್ಲನ್ನು ಯಾವ ಪಟ್ಟಿಗೆ ಸೇರಿಸಿದ್ದಾರೆ, ಅದರಿಂದ ನಮ್ಮ ಹೊಲ, ಬಾವಿಗೆ ಏನಾಗುತ್ತದೆ ಅನ್ನೋದೂ ಗೊತ್ತಿರಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ 'ಭೂಕೋಶ' ಜಾಲತಾಣದಲ್ಲಿ ನಕ್ಷೆಗಳಿವೆ. ಅವು ಕನ್ನಡದಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆ ಮೇಲೆ ಇರಲಿ ಅಂತ ಕೇಳೋಣ. ಗಣಿಯ ಅರ್ಜಿ ಬರೋ ಮೊದಲೇ ಕೇಳೋಣ.